ಗುರಿಯೂ ಗುಮಾನಿಯೂ

ನಿಮ್ಮ ಮಕ್ಕಳು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಆಡುವ ಗುಂಡು ಹಾರಿಸುವ ಆಟಗಳಲ್ಲಿ ಎರಡು ಕೆಡುಕುಗಳು ಹರಡಿವೆ. ಒಂದು ಮೋಸ, ಇನ್ನೊಂದು ಸುಳ್ಳು ಆರೋಪ.

2018ರ ಅಕ್ಟೋಬರ್‌ನಲ್ಲಿ ಶಾಂಘೈಯಲ್ಲಿ ನಡೆದ ಕೌಂಟರ್ ಸ್ಟ್ರೈಕ್ ಪಂದ್ಯಾವಳಿಯಲ್ಲಿ ಭಾರತದ ಆಟಗಾರನೊಬ್ಬ, ತಾನಾಗಿಯೇ ಗುರಿ ಹಿಡಿಯುವ ತಂತ್ರಾಂಶ ಬಳಸಿ ಸಿಕ್ಕಿಬಿದ್ದ. ಅವನಿಗೆ ಐದು ವರ್ಷಗಳ ನಿಷೇಧವಾಯಿತು. ಅವನೊಬ್ಬನ ಮೋಸಕ್ಕೆ ಇಡೀ ತಂಡವೇ ಅನರ್ಹಗೊಂಡು ಚದುರಿಹೋಯಿತು.

2016ರಲ್ಲಿ ದಕ್ಷಿಣ ಕೊರಿಯಾದ ಗೆಗುರಿ ಎಂಬ ಹದಿಹರೆಯದ ಆಟಗಾರ್ತಿಯ ಓವರ್‌ವಾಚ್ ಕೌಶಲ್ಯವನ್ನು ಎದುರಾಳಿಗಳು ಮೋಸವೆಂದರು. ಆಕೆ ಕ್ಯಾಮರಾದ ಮುಂದೆ, ಕೈಚಲನೆ ಎಲ್ಲರಿಗೂ ಕಾಣುವಂತೆ ಆಡಿ ತೋರಿಸಬೇಕಾಯಿತು. ಆರೋಪ ಸುಳ್ಳೆಂದು ಸಾಬೀತಾಯಿತು. 2018ರಲ್ಲಿ ಆಕೆ ಓವರ್‌ವಾಚ್ ಲೀಗ್ ಸೇರಿದ ಮೊದಲ ಮಹಿಳೆಯಾದಳು.

ಒದ್ದೆ ಧಾನ್ಯವನ್ನು ರಾಶಿಯ ಅಡಿಯಲ್ಲಿರಿಸಿದ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ನಿಮಗೆ ತಿಳಿದಿದೆ. ಗುಮಾನಿಗಳಿಂದ ದೂರವಿರಬೇಕೆಂದೂ ಸುದ್ದಿಯನ್ನು ಪರಿಶೀಲಿಸಬೇಕೆಂದೂ ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಆದೇಶಿಸುತ್ತದೆ. ಆಟಕ್ಕೆಂದು ಬೇರೆ ನೀತಿಯಿಲ್ಲ.

ಆದುದರಿಂದ, ಸೋತ ಮಗ "ಅವನು ಮೋಸ ಮಾಡಿದ" ಎಂದರೆ, "ಪುರಾವೆ ಏನಿದೆ ಮಗಾ?" ಎಂದು ಕೇಳಿರಿ. ಸಂಶಯವಿದ್ದರೆ ಆಟ ನಡೆಸುವವರಿಗೆ ದೂರು ಕೊಡಲಿ, ನಾಲ್ವರೆದುರು ಹೆಸರು ಕೆಡಿಸದಿರಲಿ. ಸೋಲು ನಾಳೆಗೆ ಮರೆತುಹೋಗುತ್ತದೆ. ಕಳೆದ ಮಾನಕ್ಕೆ ಮಾತ್ರ ಪರಲೋಕದಲ್ಲೂ ಲೆಕ್ಕ ಕೊಡಬೇಕಾಗುತ್ತದೆ.