ಆಯಿಲ್ ಏರಿದ್ದಕ್ಕೆ ಖುಷಿಪಟ್ಟವನು

ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಂಜಿನ್ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಆಯಿಲ್ ಕುಡಿಯುವ ಹಳೇ ಲಾರಿಯಲ್ಲೇ ವಯಸ್ಸು ಕಳೆದ ನನಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಿರಲಿಲ್ಲ. ‘ಬಿಎಸ್-6 ಗಾಡಿ ಅಂದ್ರ ಹಿಂಗ ನೋಡು, ಹನಿ ಆಯಿಲ್ ತಿನ್ನಂಗಿಲ್ಲ’ ಅಂತ ಕ್ಲೀನರ್ ಹುಡುಗನ ಮುಂದೆ ಜಂಬ ಕೊಚ್ಚಿದ್ದೆ.

ಅದೇ ವಾರ ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿ ಜೇವರ್ಗಿ ಕಡೆ ಹೊರಟಾಗ ಗಾಡಿ ಎಳೆಯುವುದನ್ನೇ ಬಿಟ್ಟಿತು. ಎಕ್ಸಲೇಟರ್ ಪೂರಾ ತುಳಿದರೂ ಎತ್ತಿನ ಗಾಡಿಯ ನಡಿಗೆ. ಡೀಸೆಲ್ ಕೆಟ್ಟಿದೆ ಎಂದು ಬಂಕಿನವರನ್ನು ಬೈದೆ. ಡೀಸೆಲ್ ಫಿಲ್ಟರ್ ಬದಲಿಸಿದೆ, ಏರ್ ಫಿಲ್ಟರ್ ಬದಲಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಎಂಟು ದಿನದಿಂದ ಉರಿಯುತ್ತಿದ್ದ ಹಳದಿ ಲೈಟನ್ನು ಮಾತ್ರ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಆಳಂದದ ಮಿಸ್ತ್ರಿ ಕಾಕಾ ಬಾನೆಟ್ ಮುಟ್ಟಲೇ ಇಲ್ಲ. ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿದು ರೇಸ್ ಮಾಡಲು ಹೇಳಿದರು. ಗಾಳಿಗೆ ದಮ್ಮೇ ಇರಲಿಲ್ಲ. ಪೈಪಿನೊಳಗೆ ಬೆರಳಾಡಿಸಿ ತೋರಿಸಿದರು: ಕಪ್ಪಿಲ್ಲ. ‘ಹೊರಗ ಮಸಿ ಬರಲಿಲ್ಲಂದ್ರ ಅದು ಒಳಗ ಎಲ್ಲೋ ಕುಂತದ, ತಮ್ಮಾ.’ ಆಮೇಲೆ ಡಿಪ್‌ಸ್ಟಿಕ್ ಎಳೆದು ನನ್ನ ಮೂಗಿಗೇ ಹಿಡಿದರು. ಡೀಸೆಲ್ ವಾಸನೆ ಗಪ್ಪನೆ ಹೊಡೆಯಿತು.

ನನ್ನ ಖುಷಿಯ ಗುಟ್ಟು ಅಲ್ಲಿತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಲಾರಿಗಳಲ್ಲಿ ಮೊದಲು ಕನ್ವರ್ಟರ್, ಅದರ ಹಿಂದೆ ಮಸಿ ಹಿಡಿಯುವ ಫಿಲ್ಟರ್, ಆಮೇಲೆ ನಾವು ಯೂರಿಯಾ ಎನ್ನುವ ದ್ರವ ಸಿಂಪಡಿಸುವ ಭಾಗ. ಮಸಿ ತುಂಬಿತೆಂದರೆ ಎಂಜಿನ್ ತಾನೇ ಒಂದಿಷ್ಟು ಡೀಸೆಲ್ ಹೆಚ್ಚಿಗೆ ಬಿಡುತ್ತದೆ. ಅದು ಕನ್ವರ್ಟರಿನಲ್ಲಿ ಉರಿದು ಕಾವು 600 ಡಿಗ್ರಿ ಆಸುಪಾಸಿಗೆ ಏರಿ ಫಿಲ್ಟರಿನ ಮಸಿ ಸುಡಬೇಕು. ಅದಕ್ಕೆ ಗಾಡಿ ಅರ್ಧ ತಾಸಾದರೂ ಒಂದೇ ಸಮ ಓಡಬೇಕು. ನನ್ನದೋ ಕಬ್ಬಿನ ಬಾಡಿಗೆ. ಅಫಜಲಪುರದ ಹೊಲದಿಂದ ಕಾರ್ಖಾನೆಗೆ ಹದಿನೈದು ಕಿಲೋಮೀಟರ್, ಅಲ್ಲಿ ರಾತ್ರಿಯಿಡೀ ಸರದಿ. ಮುಂದಿನ ಗಾಡಿ ಹತ್ತು ಅಡಿ ಸರಿದರೆ ನಾನೂ ಸರಿಯಬೇಕೆಂದು ಎಂಜಿನ್ ಬಂದ್ ಮಾಡುತ್ತಲೇ ಇರಲಿಲ್ಲ. ಸುಡುವ ಕೆಲಸ ಶುರುವಾಗುವುದು, ಅರ್ಧಕ್ಕೇ ನಿಲ್ಲುವುದು. ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲ್ ಸೇರುತ್ತಿತ್ತು.

ಸ್ಕ್ಯಾನರ್ ಹಾಕಿದಾಗ ಫಿಲ್ಟರಿನ ಹಿಂದುಮುಂದಿನ ಒತ್ತಡಕ್ಕೆ ಅಜಗಜಾಂತರ. ಅಷ್ಟು ತುಂಬಿದ ಮೇಲೆ ಗಾಡಿಯಲ್ಲೇ ಸುಡಲು ಹೋದರೆ ಫಿಲ್ಟರ್ ಬಿರುಕು ಬಿಡುತ್ತದೆಂದು ಬಿಚ್ಚಿಸಿ, ಕಲಬುರಗಿಗೆ ಒಯ್ದು ಮಷಿನ್‌ನಲ್ಲಿ ತೊಳೆಸಿದೆವು. ನಡುವೆ ಒಬ್ಬ ಬಂದು, ‘ಒಳಗಿಂದೆಲ್ಲಾ ಒಡೆದು ತೆಗೀತೀನಿ, ರೊಕ್ಕ ಬ್ಯಾಡ’ ಎಂದ. ಕನ್ವರ್ಟರಿನಲ್ಲಿ ಪ್ಲಾಟಿನಂ ಇರುತ್ತದೆ. ಪುಕ್ಕಟೆ ಉಪಕಾರದ ಮರ್ಮ ಅದು. ಒಡೆಸಿದರೆ ಕಾನೂನೂ ಬಿಡುವುದಿಲ್ಲ, ಗಾಡಿಯ ಕಂಪ್ಯೂಟರೂ ಬಿಡುವುದಿಲ್ಲ.

ತೊಳೆಸಿ ಜೋಡಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಕಾಕಾ ಬಿಡಲಿಲ್ಲ. ‘ಇಷ್ಟು ಮಸಿ ಬಂತೆಲ್ಲಿಂದ?’ ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಅಡಿಭಾಗದಲ್ಲಿ ಉಗುರಿನಷ್ಟು ಸೀಳು, ಸುತ್ತ ಎಣ್ಣೆ ಕಲೆ. ಗಾಳಿ ಸೋರಿದರೆ ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ಆಯಿಲೂ ನಾನು ಹಳೇ ಗಾಡಿಗೆಂದು ತಂದಿಟ್ಟ ಡಬ್ಬಿಯದೇ. ಅದರ ಬೂದಿ ಎಷ್ಟು ಕಾಯಿಸಿದರೂ ಸುಡುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ. ಪೈಪು, ಆಯಿಲ್ ಎರಡನ್ನೂ ಬದಲಿಸಿದೆವು.

ಈಗ ಫಿಲ್ಟರಿನಲ್ಲಿ ಮಸಿ ತುಂಬಿತೆಂದು ಹಳದಿ ಲೈಟ್ ಬಿದ್ದ ದಿನ ಕಬ್ಬು ಇಳಿಸಿದ ಮೇಲೆ ಕಲಬುರಗಿ ಗಂಜಿಗೆ ತೊಗರಿ ಬಾಡಿಗೆ ಹುಡುಕುತ್ತೇನೆ, ಒಂದೇ ಸಮ ಓಡಿಸಲೆಂದು. ಒಮ್ಮೆ ಸಿಗಲಿಲ್ಲ. ಕಾರ್ಖಾನೆಯ ಬಯಲಲ್ಲೇ ಹ್ಯಾಂಡ್‌ಬ್ರೇಕ್ ಎಳೆದು, ನಿಂತಲ್ಲೇ ಮಸಿ ಸುಡಿಸುವ ಬಟನ್ ಒತ್ತಲು ಹೋದೆ. ಪಕ್ಕದ ಗಾಡಿಯವನು ಓಡಿ ಬಂದ: ‘ಅಣ್ಣಾ, ಕೆಳಗ ನೋಡು!’ ಸೈಲೆನ್ಸರಿನಡಿ ಮೊಣಕಾಲೆತ್ತರ ಕಬ್ಬಿನ ಒಣ ರವದಿ ಬಿದ್ದಿತ್ತು.