ಭಾಗಾಕಾರದ ಉತ್ತರ ಬೆರಳಿನಲ್ಲಿದೆ

ಮಗುವಿಗೆ ನಾಲ್ಕರ ಮಗ್ಗಿ ಬಾಯಿಪಾಠ. ಆದರೆ 'ಇಪ್ಪತ್ತು ತೆಂಗಿನಕಾಯಿ ಇವೆ, ಚೀಲಕ್ಕೆ ನಾಲ್ಕರಂತೆ ತುಂಬಿದರೆ ಎಷ್ಟು ಚೀಲ ಬೇಕು?' ಎಂದು ಕೇಳಿ ನೋಡಿ. 'ನಾಲ್ಕು, ಎಂಟು, ಹನ್ನೆರಡು, ಹದಿನಾರು, ಇಪ್ಪತ್ತು' ಎಂದು ಸರಿಯಾಗಿಯೇ ಎಣಿಸಿ, ಕೊನೆಗೆ 'ಇಪ್ಪತ್ತು' ಎಂದುಬಿಡುತ್ತದೆ. ಹಳ್ಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಪೋಷಕರಿಗೆ ಇದು ಗಮನ ಕೊಡದಿರುವಂತೆ ಕಾಣುತ್ತದೆ. ಕಾರಣ ಬೇರೆ.

ಭಾಗಾಕಾರದಲ್ಲಿ ಒಂದೇ ಹೊತ್ತಿಗೆ ಎರಡು ಎಣಿಕೆ ನಡೆಯಬೇಕು. ಮಗುವಿನ ನಾಲಿಗೆ ಕಾಯಿಗಳನ್ನು ಎಣಿಸುತ್ತಿದೆ. ಚೀಲಗಳನ್ನು ಎಣಿಸುವವರು ಯಾರೂ ಇಲ್ಲ. ಆ ಕೆಲಸ ಬೆರಳುಗಳದ್ದು. ನಾವೋ 'ಇಷ್ಟು ದೊಡ್ಡವನಾಗಿ ಬೆರಳು ಮಡಚುತ್ತೀಯಾ?' ಎಂದು ಅದನ್ನೇ ತಡೆದಿರುತ್ತೇವೆ.

ಇನ್ನೊಂದು ತೊಡಕು, ಭಾಗಾಕಾರಕ್ಕೆ ಎರಡು ಅರ್ಥಗಳಿರುವುದು. ಇಪ್ಪತ್ತು ಹುಣಸೆಬೀಜವನ್ನು ಅಳಗುಳಿ ಮಣೆಯ ನಾಲ್ಕು ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋದರೆ ಅದು ಹಂಚುವುದು. ಗುಳಿಗೆ ನಾಲ್ಕರಂತೆ ತುಂಬಿ, ಎಷ್ಟು ಗುಳಿ ತುಂಬಿದವೆಂದು ನೋಡಿದರೆ ಅದು ಗುಂಪು ಮಾಡುವುದು. ಎರಡರಲ್ಲೂ ಉತ್ತರ ಐದೇ, ಕೇಳಿದ ಪ್ರಶ್ನೆ ಮಾತ್ರ ಬೇರೆ. ಬಿಟ್ಟು ಬಿಟ್ಟು ಎಣಿಸುವುದು, ಅಂದರೆ ನಾಲ್ಕು ನಾಲ್ಕಾಗಿ ನೆಗೆಯುತ್ತ ಎಣಿಸುವುದು, ಎರಡನೆಯದಕ್ಕೆ ನೇರವಾಗಿ ಹೊಂದುತ್ತದೆ. ಆದ್ದರಿಂದ ಮೊದಲು ಗುಂಪು ಮಾಡುವ ಲೆಕ್ಕಗಳನ್ನೇ ಕೊಡಿ.

ಕಾಯಿ, ಬೀಜ, ಬಟಾಣಿ, ಏನಾದರೂ ಸರಿ. ನಾಲ್ಕನ್ನು ಬದಿಗೆ ಸರಿಸಿ 'ನಾಲ್ಕು' ಎನ್ನುವಾಗ ಒಂದು ಬೆರಳು ಮಡಚಲಿ. 'ಎಂಟು' ಎನ್ನುವಾಗ ಎರಡನೆಯದು. ಇಪ್ಪತ್ತು ಮುಟ್ಟಿದಾಗ 'ಉತ್ತರ ಎಷ್ಟು?' ಎನ್ನುವ ಬದಲು 'ಎಷ್ಟು ಸಲ ಸರಿಸಿದೆ?' ಎಂದು ಕೇಳಿ. ಮಡಚಿದ ಐದು ಬೆರಳೇ ಭಾಗಲಬ್ಧ, ಅಂದರೆ ಭಾಗಿಸಿ ಬಂದ ಉತ್ತರ. ಆಮೇಲೆ ಮಗ್ಗಿಗೆ ಹಿಂತಿರುಗಿ. 'ನಾಲ್ಕೈದ್ಲ ಇಪ್ಪತ್ತು' ಎಂಬಲ್ಲಿ ನಡುವಿನ 'ಐದು' ಆ ಬೆರಳುಗಳ ಲೆಕ್ಕವೇ ಎಂದು ಮಗುವಿಗೇ ಹೊಳೆಯುತ್ತದೆ.

ಇಪ್ಪತ್ತಮೂರು ಕಾಯಿ ಇದ್ದರೆ? ಇಪ್ಪತ್ತರ ಮುಂದಿನ ನೆಗೆತ ಇಪ್ಪತ್ತನಾಲ್ಕಕ್ಕೆ. ಅಷ್ಟು ಕಾಯಿ ಇಲ್ಲ. ಹಾಗಾಗಿ ಇಪ್ಪತ್ತಕ್ಕೇ ನಿಲ್ಲಬೇಕು. ಉಳಿದ ಮೂರು ಶೇಷ. ಅದು ತಪ್ಪಲ್ಲ, ಚೀಲ ತುಂಬದೆ ಉಳಿದ ಕಾಯಿ ಅಷ್ಟೆ.

ಸಂಖ್ಯೆ ದೊಡ್ಡದಾದರೆ ನೆಗೆತವನ್ನೂ ದೊಡ್ಡದು ಮಾಡಿ. 96ನ್ನು 4ರಿಂದ ಭಾಗಿಸಲು ಹತ್ತು ನೆಗೆತಕ್ಕೆ 40, ಇನ್ನು ಹತ್ತಕ್ಕೆ 80, ಮತ್ತೆ ನಾಲ್ಕಕ್ಕೆ 96, ಒಟ್ಟು 24. ಶಾಲೆಯಲ್ಲಿ ಕಲಿಸುವ ದೀರ್ಘ ಭಾಗಾಕಾರದ ಒಳಗಿರುವುದೂ ಇದೇ.

ಭಾಗಾಕಾರದ ಚಿಹ್ನೆ ಬರೆಸಲು ಅವಸರ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯ ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಮನೆಯಲ್ಲೂ ಅಷ್ಟು ಬಿಡುವು ಕೊಡಬಹುದು. ಬೆರಳನ್ನು ನೀವು ಬಿಡಿಸಬೇಕಿಲ್ಲ. ಮನಸ್ಸಿನಲ್ಲೇ ಎಣಿಸಲು ಬಂದ ದಿನ ಮಗುವೇ ಬಿಡುತ್ತದೆ.

ರಾಗಿ ಅಳೆಯುವಾಗ ಅಜ್ಜಿ ಒಂದರ ಬದಲು ಲಾಭ ಎಂದು ಶುರುಮಾಡಿ 'ಲಾಭ, ಎರಡು, ಮೂರು' ಎನ್ನುವುದನ್ನು ಮಗುವಿಗೆ ಕೇಳಿಸಿ. ಅವರು ಎಣಿಸುವುದು ಕಾಳನ್ನಲ್ಲ, ಸೇರನ್ನು.