ಬೇಸಿಗೆಗೆ ದಪ್ಪ ಆಯಿಲ್ ಬೇಕೇ?

ಪ್ರಶ್ನೆ: ನಮ್ಮದು ಹುಲೇಕಲ್ ಹತ್ತಿರದ ಹಳ್ಳಿ. ಮನೆಯಲ್ಲಿ ಒಂದು 100 ಸಿಸಿ ಬೈಕು, ಒಂದು ಹಳೆಯ ಪೆಟ್ರೋಲ್ ಕಾರು ಇವೆ. ಬೈಕಿಗೆ ಕಂಪನಿ ಹೇಳಿದ 10ಡಬ್ಲ್ಯು-30 ಆಯಿಲನ್ನೇ ಹಾಕಿಸುತ್ತ ಬಂದಿದ್ದೇನೆ. ಬಿಸಿಲು ಜೋರಾಗಿದೆ, ಕುಮಟೆಗೂ ಆಗಾಗ ಹೋಗಿಬರುತ್ತೀರಿ, ಈ ಸಲ 20ಡಬ್ಲ್ಯು-50 ಹಾಕಿಸಿ ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ?

ಉತ್ತರ: ಬೇಡ. ಕೈಪಿಡಿಯಲ್ಲಿ 10ಡಬ್ಲ್ಯು-30 ಎಂದಿದ್ದರೆ ಬೇಸಿಗೆಗೂ ಅದೇ ಸರಿ.

ನಿಮ್ಮ ಶಿರಸಿ ಸೀಮೆಯಲ್ಲಿ ಏಪ್ರಿಲ್ ಬಿಸಿಲು 35 ಡಿಗ್ರಿ ದಾಟುವುದುಂಟು. ಆದರೆ ಓಡುತ್ತಿರುವ ಎಂಜಿನ್ನಿನೊಳಗಿನ ಆಯಿಲ್ ಇರುವುದೇ 100 ಡಿಗ್ರಿಯ ಆಸುಪಾಸಿನಲ್ಲಿ. ಡಬ್ಬಿಯ ಮೇಲಿನ ಎರಡನೆಯ ಅಂಕಿ ಆ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಎಂಬುದರ ಗುರುತು. ಡಬ್ಲ್ಯುಗೆ ಮೊದಲಿನದು ಚಳಿಯಲ್ಲಿ ಎಂಜಿನ್ ಚಾಲೂ ಆಗುವ ಸಲೀಸಿನದು. 100 ಡಿಗ್ರಿಯಲ್ಲಿ 30ರ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್‌ ಒಳಗಿರಬೇಕು, 50ರದು 16.3ರಿಂದ ಮೇಲೆ. ಅಂದರೆ ನಿಮ್ಮ ಮೆಕ್ಯಾನಿಕ್ ಹೇಳುತ್ತಿರುವುದು ನಡುವಿನ 40ನ್ನೂ ಹಾರಿ ಎರಡು ಮೆಟ್ಟಿಲು ಮೇಲಿನ ಆಯಿಲ್.

ಜೋನಿಬೆಲ್ಲದ ಹಾಗೆ ಆಯಿಲ್ ಕೂಡ ಬಿಸಿಗೆ ತೆಳುವಾಗುತ್ತದೆ, ನಿಜ. ಆದರೆ 40 ಡಿಗ್ರಿಯಲ್ಲಿ ಸಾಮಾನ್ಯ 10ಡಬ್ಲ್ಯು-30 ಆಯಿಲ್ 100 ಡಿಗ್ರಿಯಲ್ಲಿರುವುದಕ್ಕಿಂತ ಸುಮಾರು ಆರು ಪಟ್ಟು ದಪ್ಪ. ಕಡುಬೇಸಿಗೆಯ ಮಧ್ಯಾಹ್ನ ಕಿಕ್ ಹೊಡೆದಾಗಲೂ ಎಂಜಿನ್ನಿಗೆ ಸಿಗುವುದು ದಪ್ಪ ಆಯಿಲೇ. ಅದನ್ನು ಇನ್ನೂ ದಪ್ಪ ಮಾಡಿದರೆ ಮೇಲಿನ ಭಾಗಗಳಿಗೆ ತಲುಪುವುದು ತಡ, ಎಳೆತ ಭಾರ, ಮೈಲೇಜ್ ಕಡಿಮೆ.

ಕಾರಿನಲ್ಲಿ ನೀರು ತಂಪು ಮಾಡುತ್ತದೆ, ಥರ್ಮೋಸ್ಟಾಟ್ ಅದರ ಬಿಸಿಯನ್ನು ಹದದಲ್ಲಿಡುತ್ತದೆ. ಹೊರಗಿನ ಬಿಸಿಲಿನ ಪರಿಣಾಮ ಕಡಿಮೆ. ನಿಮ್ಮ ಬೈಕಿಗೆ ಮಾತ್ರ ಗಾಳಿಯೇ ಗತಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಸಾಮಾನು ಹೇರಿಕೊಂಡು, ಕುಮಟೆಯಿಂದ ದೇವಿಮನೆ ಘಟ್ಟ ಹತ್ತುವಾಗ ವೇಗ ಕಡಿಮೆ, ಗಾಳಿ ಕಡಿಮೆ, ಎಂಜಿನ್ನಿನ ದುಡಿತ ಹೆಚ್ಚು. ಆಯಿಲ್ ನಿಜವಾಗಿ ಕಾಯುವುದು ಅಲ್ಲಿ. ಆದರೆ ಅದಕ್ಕೂ ಲೆಕ್ಕ ಹಾಕಿಯೇ ಗ್ರೇಡ್ ಮಾಡಿರುತ್ತಾರೆ: 30ರ ಆಯಿಲಿನ ಬಲವನ್ನು 150 ಡಿಗ್ರಿಯಲ್ಲೂ ಪರೀಕ್ಷಿಸುತ್ತಾರೆ.

ಘಟ್ಟದ ದಾರಿಯಲ್ಲಿ ನನ್ನ ಚಿಂತೆ ಗ್ರೇಡಿನದಲ್ಲ, ಪ್ರಮಾಣದ್ದು. 100 ಸಿಸಿ ಬೈಕು ಹಿಡಿಯುವುದು ಒಂದು ಲೀಟರಿನಷ್ಟು, ಕೆಲವು ಅದಕ್ಕೂ ಕಡಿಮೆ. ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಅದೇ ಆಯಿಲ್. ಇನ್ನೂರು ಮಿಲಿ ಸುಟ್ಟುಹೋಯಿತೆಂದರೆ ಐದನೇ ಒಂದು ಪಾಲು ಹೋದಂತೆ. ಉಳಿದದ್ದೇ ಅಷ್ಟೂ ಬಿಸಿ ಹೊರಬೇಕು. ಅದಕ್ಕೆ ಯಾವ ದಪ್ಪವೂ ಮದ್ದಲ್ಲ. ಬೈಕಿಗೆ ಕೊಳ್ಳುವ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರಲಿ. ಕಾರಿಗೆ ತಂದು ಮಿಕ್ಕ ಆಯಿಲನ್ನು ಬೈಕಿಗೆ ಸುರಿಯಬೇಡಿ, ಕ್ಲಚ್ ಜಾರೀತು.

ಕಾರಿನ ಮಾತು ಸ್ವಲ್ಪ ಬೇರೆ. ಕೆಲವು ಕೈಪಿಡಿಗಳಲ್ಲಿ ಹವೆಯ ಉಷ್ಣತೆಗೆ ತಕ್ಕ ಗ್ರೇಡಿನ ಪಟ್ಟಿಯೇ ಇರುತ್ತದೆ. ಅದು 40ಕ್ಕೆ ಒಪ್ಪಿದ್ದು, ನಿಮ್ಮ ಹಳೆಯ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುತ್ತಿದ್ದರೆ ಬೇಸಿಗೆಯಲ್ಲಿ ಒಂದು ಮೆಟ್ಟಿಲು ಏರಬಹುದು. ಆಯಿಲ್ ಒತ್ತಡದ ಕೆಂಪು ದೀಪ ಹತ್ತುತ್ತಿದ್ದರೆ ಮಾತ್ರ ಓಡಿಸಬೇಡಿ, ರಿಪೇರಿ ಮಾಡಿಸಿ. ದಪ್ಪ ಆಯಿಲ್ ಆ ರೋಗವನ್ನು ಮುಚ್ಚುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಇನ್ನು, 15ಡಬ್ಲ್ಯು-50ಕ್ಕೆಂದೇ ಮಾಡಿದ ದೊಡ್ಡ ಬೈಕುಗಳಿಗೆ ತೆಳು ಆಯಿಲ್ ಹಾಕುವುದೂ ಅಷ್ಟೇ ತಪ್ಪು.

ಕುಮಟೆಗೆ ಹೊರಡುವ ಮೊದಲು ಬೈಕನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಆಯಿಲ್ ಕಡ್ಡಿ ನೋಡಿ. ಬದಲಿಸುವ ಗಡುವು ಹತ್ತಿರವಿದ್ದರೆ ಆಗಲೇ ಹೊಸತು ಹಾಕಿಸಿಬಿಡಿ. ಮೆಕ್ಯಾನಿಕ್ ಬಳಿ ಹೋಗುವಾಗ ಕೈಪಿಡಿಯನ್ನು ಜೊತೆಗೇ ಒಯ್ಯಿರಿ.